ಕೊನೆಯ ಲೋಟಕ್ಕೆ ಕಾದಿಟ್ಟ ನಾಲಿಗೆ

(ಹುಟ್ಟುಹಬ್ಬದ ಸಂಜೆಗೆ ಒಳ್ಳೆಯ ಕೆಂಪು ವೈನ್ ಮತ್ತು ಸಿಹಿ ವೈನ್‌ಗಳನ್ನು ಆರಿಸಿ ಸವಿಯುವುದರ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಹಿಂದುಮುಂದಾದದ್ದನ್ನು ಅಷ್ಟಿಷ್ಟು ಸರಿಪಡಿಸಿದ್ದೇನೆ. ಸಭಿಕರ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಅಣ್ಣ ಹುಟ್ಟಿದ್ದು 1963ರಲ್ಲಿ. ಅವನ ಐವತ್ತನೇ ಹುಟ್ಟುಹಬ್ಬಕ್ಕೆ ಅದೇ ಇಸವಿಯ ಒಂದು ಬಾಟಲಿ ಕೆಂಪು ವೈನ್ ಕೊಡಬೇಕೆಂದು ನನಗೆ ಆಸೆಯಾಯಿತು. ತಿಂಗಳುಗಟ್ಟಲೆ ಹುಡುಕಿ, ಫ್ರಾನ್ಸಿನ ಬೋರ್ಡೋ ಸೀಮೆಯದೊಂದನ್ನು ಸಂಪಾದಿಸಿದೆ. ಎಲ್ಲರೂ ಸುತ್ತ ನಿಂತಿದ್ದರು. ಬಿರಡೆ ತೆಗೆದೆ. ಕೊಳೆತ ಎಲೆಯ ವಾಸನೆ ಬಂತು, ಲೋಟಕ್ಕೆ ಕಂದು ಬಣ್ಣದ ಹುಳಿ ನೀರು ಬಿತ್ತು. ಅಣ್ಣ ಏನೂ ಅನ್ನಲಿಲ್ಲ. ನನ್ನ ಮುಖ ನೋಡಿಕೊಂಡು ಪೂರ್ತಿ ಕುಡಿದ.

ಹತ್ತು ವರ್ಷ ಕಳೆದ ಮೇಲೆ, ಅವನ ಅರವತ್ತಕ್ಕೆ, ಮತ್ತೆ 1963ರದೇ ಬಾಟಲಿ ತೆರೆದೆ. ಈ ಸಲದ್ದು ಪೋರ್ಚುಗಲ್‌ನ ಡೋರೋ ಕಣಿವೆಯ ವಿಂಟೇಜ್ ಪೋರ್ಟ್, ಒಂದೇ ವರ್ಷದ ದ್ರಾಕ್ಷಿಯಿಂದ, ಸಾರಾಯಿ ಬೆರೆಸಿ ಮಾಡುವ ಸಿಹಿ ವೈನ್. ಮೊದಲ ಗುಟುಕಿಗೇ ಮೇಜಿನ ಸುತ್ತ ಮಾತು ನಿಂತುಹೋಯಿತು. ಅಣ್ಣ ಲೋಟವನ್ನು ದೀಪಕ್ಕೆ ಹಿಡಿದು, "ಇದಕ್ಕೂ ನನ್ನಷ್ಟೇ ವಯಸ್ಸಾ?" ಎಂದು ಕೇಳಿದ.

ಅದೇ ವರ್ಷ, ಅದೇ ಸೂರ್ಯ, ಎರಡು ಬಾಟಲಿಗಳ ಹಣೆಬರಹ ಬೇರೆ ಬೇರೆ. 1963ರಲ್ಲಿ ಬೋರ್ಡೋಗೆ ಬೇಸಿಗೆಯೇ ಬಂದಿರಲಿಲ್ಲ ಎನ್ನಬೇಕು. ತಂಪು, ಮಳೆ, ಗೊಂಚಲಿನಲ್ಲೇ ಕೊಳೆತ ಹಣ್ಣು. ಆ ಸೀಮೆಯ ಅತಿ ಕೆಟ್ಟ ವರ್ಷಗಳ ಸಾಲಿನಲ್ಲಿ ಅದು ನಿಲ್ಲುತ್ತದೆ. ಡೋರೋದಲ್ಲಿ ಮಾತ್ರ ಹಣ್ಣು ಸೊಗಸಾಗಿ ಮಾಗಿತ್ತು. ಇಪ್ಪತ್ತನೇ ಶತಮಾನದ ಶ್ರೇಷ್ಠ ಪೋರ್ಟ್ ವರ್ಷಗಳನ್ನು ಹೆಸರಿಸುವಾಗ 1963 ಬಿಟ್ಟುಹೋಗುವುದಿಲ್ಲ. ಇಷ್ಟು ತಿಳಿದಿದ್ದರೆ ಐವತ್ತರ ಆ ಸಂಜೆ ಬೇರೆಯೇ ಆಗುತ್ತಿತ್ತು. ಇವತ್ತು ನಾನು ಇಲ್ಲಿ ನಿಂತಿರುವುದು ನಿಮ್ಮ ಮನೆಯವರಿಗೆ ಆ ಹುಳಿ ನೀರು ಸಿಗದಿರಲಿ ಎಂದು.

ಹುಟ್ಟಿದ ವರ್ಷದ ಮಾತನ್ನು ಮೊದಲು ಮುಗಿಸೋಣ, ಎಲ್ಲರ ಮನಸ್ಸೂ ಮೊದಲು ಹೋಗುವುದು ಅಲ್ಲಿಗೇ. ಬಾಟಲಿಯ ಚೀಟಿಯ ಮೇಲಿನ ಇಸವಿ ದ್ರಾಕ್ಷಿ ಕೊಯ್ದ ವರ್ಷ. ಉತ್ತರಾರ್ಧಗೋಳದಲ್ಲಿ ಕೊಯ್ಲು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ದಕ್ಷಿಣದಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಜನವರಿಯಲ್ಲಿ ಹುಟ್ಟಿದವರು ತೊಟ್ಟಿಲಲ್ಲಿ ಮಗುಚಿಕೊಂಡು, ಕೂರಲು ಕಲಿಯುವ ಹೊತ್ತಿಗೆ ಅವರ ವರ್ಷದ ಫ್ರೆಂಚ್ ದ್ರಾಕ್ಷಿ ಬಳ್ಳಿಯಿಂದ ಇಳಿದಿರುತ್ತದೆ. ನನಗೆ ಇದು ಬಹಳ ಇಷ್ಟವಾದ ವಿಚಾರ.

ಜಗತ್ತಿನಲ್ಲಿ ತಯಾರಾಗುವ ಕೆಂಪು ವೈನ್‌ನ ಬಹುಪಾಲು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಲೆಂದೇ ಮಾಡಿದ್ದು. ಮೂವತ್ತು, ನಲವತ್ತು, ಐವತ್ತು ವರ್ಷ ಬಾಳುವ ಶಕ್ತಿ ಕೆಲವಕ್ಕೆ ಮಾತ್ರ ಇದೆ. ಅವಕ್ಕೂ ಒಳ್ಳೆಯ ವರ್ಷ ಬೇಕು, ತಂಪಾದ ಕತ್ತಲೆ ಕೋಣೆ ಬೇಕು. ಹಾಗಾಗಿ ಇಸವಿ ಹಿಡಿದು ಸೀಮೆಯನ್ನು ಹುಡುಕಿ. ಸೀಮೆ ಹಿಡಿದು ಇಸವಿಯನ್ನು ಹುಡುಕಬೇಡಿ. 1964ರಲ್ಲಿ ಹುಟ್ಟಿದವರಿಗೆ ಸ್ಪೇನಿನ ರಿಯೋಹಾ ಚಿನ್ನದಂಥದ್ದು. ಇಟಲಿಯ ಬರೋಲೊಗೂ ಅದು ಒಳ್ಳೆಯ ವರ್ಷ. ಅದೇ ವರ್ಷ ಸಿಹಿ ವೈನ್‌ಗಳ ಅರಸು ಎನಿಸಿಕೊಂಡ ಬೋರ್ಡೋದ ಶಾಟೋ ದಿಕೆಮ್ ಎಂಬ ತೋಟ ಒಂದು ಬಾಟಲಿಯನ್ನೂ ತನ್ನ ಹೆಸರಿನಲ್ಲಿ ಹೊರಬಿಡಲಿಲ್ಲ. 1972, 1974, 1992, 2012ರಲ್ಲೂ ಆ ಮನೆಯವರು ಹಾಗೆಯೇ ಮಾಡಿದರು. ಬೆಳೆ ತಮ್ಮ ಹೆಸರಿಗೆ ತಕ್ಕದ್ದಲ್ಲ ಅನಿಸಿದರೆ ವರ್ಷವನ್ನೇ ಬಿಟ್ಟುಕೊಡುತ್ತಾರೆ. ಬೋರ್ಡೋ ಕೆಂಪಿಗೆ 1961, 1982, 1990, 2000, 2005 ಒಳ್ಳೆಯವು. ಪೋರ್ಟ್‌ಗೆ 1963ರ ಜೊತೆಗೆ 1977, 1994, 2011. 1977ರಲ್ಲಿ ಬೋರ್ಡೋ ಸಪ್ಪೆ, ಪೋರ್ಟ್ ಅದ್ಭುತ. ಎಪ್ಪತ್ತೇಳರಲ್ಲಿ ಹುಟ್ಟಿದವರು ಇಲ್ಲಿದ್ದರೆ ಬರೆದುಕೊಳ್ಳಿ.

(ಸಭೆಯಿಂದ ಒಬ್ಬರು: "ನಮ್ಮ ವರ್ಷಕ್ಕೆ ಯಾವ ಸೀಮೆಯಲ್ಲೂ ಒಳ್ಳೆಯದು ಸಿಗದಿದ್ದರೆ?")

ಆಗ ವಯಸ್ಸನ್ನು ಹಿಡಿಯಿರಿ. ಟಾನಿ ಪೋರ್ಟ್ ಎಂಬುದು ಬಾಟಲಿಯಲ್ಲಲ್ಲ, ಮರದ ಪೀಪಾಯಿಯಲ್ಲಿ ಹಣ್ಣಾಗುವ ಪೋರ್ಟ್. ಅದರ ಚೀಟಿಯ ಮೇಲೆ 10, 20, 30, 40 ವರ್ಷ ಎಂದು ಬರೆದಿರುತ್ತಾರೆ. ಹಲವು ವರ್ಷಗಳ ಪೀಪಾಯಿಗಳನ್ನು ಬೆರೆಸಿ ಆ ವಯಸ್ಸಿನ ಗುಣಕ್ಕೆ ತಂದದ್ದು ಅದು. ಪ್ರತಿ ಹನಿಗೂ ಅಷ್ಟೇ ವಯಸ್ಸು ಎಂದು ಅರ್ಥವಲ್ಲ. ನಲವತ್ತಾದವರಿಗೆ ನಲವತ್ತರ ಟಾನಿ ಕೊಟ್ಟರೆ ಅದೇನೂ ಕಡಿಮೆ ಉಡುಗೊರೆಯಲ್ಲ. ಒಂದೇ ಕೊಯ್ಲಿನದು ಬೇಕೆಂದರೆ ಕೊಲ್ಯೇಟಾ ಎಂಬ ಬಗೆ ಇದೆ, ಕನಿಷ್ಠ ಏಳು ವರ್ಷ ಮರದಲ್ಲಿ ಕಳೆದದ್ದು. ಇನ್ನು ಮಡೇರಾ ದ್ವೀಪದ ವೈನ್. ಬಿಸಿ ಮತ್ತು ಗಾಳಿ ಬೇರೆ ಬಹುತೇಕ ವೈನ್‌ಗಳ ಶತ್ರುಗಳಾದರೆ, ಇದನ್ನು ಮಾಡುವುದೇ ಅವೆರಡರಿಂದ. ನೂರು ವರ್ಷ ದಾಟಿದ ಮಡೇರಾವನ್ನು ಜನ ಇಂದಿಗೂ ಸಂತೋಷದಿಂದ ಕುಡಿಯುತ್ತಾರೆ.

ಈಗ ಸಂಜೆಯ ಲೆಕ್ಕಕ್ಕೆ ಬರೋಣ. ನಾನು ಹೇಳಬೇಕೆಂದು ಬಂದ ಮುಖ್ಯ ಮಾತು ಇಲ್ಲಿದೆ. ಹೆಚ್ಚಿನ ಹುಟ್ಟುಹಬ್ಬಗಳಲ್ಲಿ ಏನಾಗುತ್ತದೆಂದರೆ, ಒಳ್ಳೆಯ ಕೆಂಪು ವೈನ್‌ಗಳನ್ನು ಒಂದರ ಹಿಂದೊಂದು ಸುರಿದು, ಊಟವಾಗಿ, ಕೇಕ್ ಆಗಿ, ಎಲ್ಲರೂ ದಣಿದು ಆಕಳಿಸುವ ಹೊತ್ತಿಗೆ ಸಿಹಿ ವೈನ್ ಮೇಜಿಗೆ ಬರುತ್ತದೆ. ನಾಲಿಗೆ ಜಡ್ಡುಗಟ್ಟಿರುತ್ತದೆ, ಹೊಟ್ಟೆ ತುಂಬಿರುತ್ತದೆ. ಇಡೀ ಸಂಜೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಮೆಯಿಂದ ಹುಟ್ಟಿದ ವೈನ್‌ಗೆ ಎಲ್ಲಕ್ಕಿಂತ ಕಡಿಮೆ ಗಮನ. ಸಿಹಿ ವೈನ್‌ಗೆ ಕೊನೆಯ ಜಾಗ ಕೊಡಿ, ಉಳಿಕೆಯ ಜಾಗ ಕೊಡಬೇಡಿ. ಸಂಜೆಯನ್ನೇ ಅದರ ಕಡೆಗೆ ನಡೆಸಿ. ಕೆಂಪು ವೈನ್‌ಗಳು ಆ ದಾರಿಯ ಮೆಟ್ಟಿಲುಗಳಾಗಲಿ.

ಅದಕ್ಕೆ ಮೊದಲು ಮಾಡಬೇಕಾದ್ದು ಅಳತೆ ತಗ್ಗಿಸುವುದು. ಒಂದು ಬಾಟಲಿ 750 ಮಿಲಿಲೀಟರ್. ತಲೆಗೆ 50 ಮಿಲಿಲೀಟರ್ ಸುರಿದರೆ ಹದಿನೈದು ಜನಕ್ಕೆ ಬರುತ್ತದೆ. ಪರೀಕ್ಷಕರು ಬಳಸುವ ಅಂತರರಾಷ್ಟ್ರೀಯ ಮಾದರಿಯ ಲೋಟಕ್ಕೂ ಇಷ್ಟೇ ಸುರಿಯುತ್ತಾರೆ. ಸಿಹಿ ವೈನ್ ಇನ್ನೂ ಕಡಿಮೆ ಸಾಕು, ಮೂವತ್ತು ನಲವತ್ತು ಮಿಲಿಲೀಟರ್. ಅರ್ಧ ಬಾಟಲಿ ಎಂಟು ಹತ್ತು ಜನರನ್ನು ಸಂತೋಷಪಡಿಸುತ್ತದೆ. ಬಾಟಲಿಗಳ ಸಂಖ್ಯೆ ಐದು ದಾಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ: ಮೂರು ಕೆಂಪು, ಎರಡು ಸಿಹಿ. ಆರನೆಯದರ ರುಚಿ ಮರುದಿನ ಯಾರಿಗೂ ನೆನಪಿರುವುದಿಲ್ಲ. ನೀರಿನ ಲೋಟ ಪ್ರತಿಯೊಬ್ಬರ ಮುಂದೆಯೂ ಇರಲಿ. ಉಗುಳಲು ಒಂದು ಪಾತ್ರೆಯೂ ಇರಲಿ, ಅದರಲ್ಲಿ ಅಗೌರವವಿಲ್ಲ. ದಿನಕ್ಕೆ ಹತ್ತಾರು ವೈನ್ ನೋಡುವವರೆಲ್ಲ ಉಗುಳಿಯೇ ನೋಡುವುದು. ಗಾಡಿ ಓಡಿಸಿಕೊಂಡು ಹೋಗಬೇಕಾದವರು ಕುಡಿಯಬಾರದು, ಕುಡಿಯದವರನ್ನು ಯಾರೂ ಒತ್ತಾಯಿಸಬಾರದು. ಅವರಿಗೂ ಲೋಟ ಕೊಟ್ಟು ಮೂಸಲು ಹೇಳಿ. ನಾವು ರುಚಿ ಎಂದುಕೊಳ್ಳುವುದರ ಬಹುಪಾಲು ಮೂಗಿನದೇ.

ಮೂಗಿನ ಮಾತು ಬಂದದ್ದರಿಂದ ಕಣ್ಣಿನ ಮೋಸವನ್ನೂ ಹೇಳಿಬಿಡುತ್ತೇನೆ. ಬೋರ್ಡೋದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ವೈನ್ ಶಾಸ್ತ್ರ ಕಲಿಯುತ್ತಿದ್ದ 54 ಜನರಿಗೆ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನ್‌ಗೆ ಬಳಸುವ ಪದಗಳಲ್ಲೇ ಬಣ್ಣಿಸಿದರು. ಕಲಿತವರ ಮೂಗನ್ನೇ ಕಣ್ಣು ಹೀಗೆ ಎಳೆದುಕೊಂಡು ಹೋಗುವುದಾದರೆ, ಹೆಸರಾಂತ ಚೀಟಿ ನಮ್ಮನ್ನು ಎಷ್ಟು ಎಳೆಯಬೇಡ! ಅದಕ್ಕೇ ನಾನು ಕೆಂಪು ವೈನ್‌ಗಳನ್ನು ಬಟ್ಟೆ ಸುತ್ತಿ ಸುರಿಯುತ್ತೇನೆ. ಎಲ್ಲರೂ ಮೂಸಿ, ಸವಿದು, ಮಾತಾಡಿದ ಮೇಲೆ ಬಟ್ಟೆ ತೆಗೆಯುವುದು. ಹುಟ್ಟಿದ ವರ್ಷದ ಬಾಟಲಿಗೆ ಮಾತ್ರ ಈ ಮುಸುಕು ಬೇಡ. ಅದರ ಹೆಸರು, ಇಸವಿ, ಕಥೆ ಎಲ್ಲ ಸೇರಿಯೇ ಅದರ ರುಚಿ.

ಮೊದಲ ಕೆಂಪು ತೆಳುವಾದದ್ದಿರಲಿ. ನನ್ನ ಆಯ್ಕೆ ಫ್ರಾನ್ಸಿನ ಬರ್ಗಂಡಿ ಸೀಮೆಯ ಪಿನೋ ನ್ವಾರ್ ದ್ರಾಕ್ಷಿಯದು. ಸಿಪ್ಪೆ ತೆಳು, ಬಣ್ಣ ತಿಳಿ, ಒಗರು ಕಡಿಮೆ, ಘಮ ಜಾಸ್ತಿ. ಹದಿನಾಲ್ಕು ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಕೊಡಿ. ಸುರಿದ ಕೂಡಲೇ ಲೋಟ ತಿರುಗಿಸಬೇಡಿ. ಮೊದಲು ಅಲ್ಲಾಡಿಸದೆ ಮೂಸಿ, ಆಮೇಲೆ ತಿರುಗಿಸಿ ಮೂಸಿ. ಎರಡು ಸಲವೂ ಬೇರೆಯೇ ಘಮ ಬರುತ್ತದೆ. ಮೊದಲ ಗುಟುಕು ಬಾಯಿ ತೊಳೆಯಲು, ಎರಡನೆಯದು ಸವಿಯಲು. ಬಾಯಲ್ಲಿ ಹಿಡಿದು ಸ್ವಲ್ಪ ಗಾಳಿ ಎಳೆದುಕೊಳ್ಳಿ. ಗಂಟಲ ಹಿಂದಿನಿಂದ ಘಮ ಮೂಗಿಗೆ ಏರುತ್ತದೆ. ನುಂಗಿದ ಅಥವಾ ಉಗುಳಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಮನಸ್ಸಿನಲ್ಲೇ ಎಣಿಸಿ. ಐದು ಎಣಿಸುವಷ್ಟರಲ್ಲಿ ಮಾಯವಾದರೆ ಸಾಧಾರಣ, ಇಪ್ಪತ್ತು ದಾಟಿದರೆ ನಿಮ್ಮ ಬಾಯಲ್ಲಿ ದೊಡ್ಡ ವೈನ್ ಇದೆ. ಲೋಟದ ಒಳಮೈಯಲ್ಲಿ ಇಳಿಯುವ ಹನಿಗಳನ್ನು ಕೆಲವರು ಗುಣದ ಗುರುತೆಂದು ತೋರಿಸುತ್ತಾರೆ. ಅದು ಮದ್ಯಸಾರ ನೀರಿಗಿಂತ ಬೇಗ ಆರುವುದರಿಂದ ಮೇಲ್ಮೈ ಎಳೆತದಲ್ಲಿ ಆಗುವ ಏರುಪೇರು ಅಷ್ಟೇ. ನೋಡಲು ಚೆಂದ, ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಎರಡನೆಯದು ಬರೋಲೊ. ಇಟಲಿಯ ಪಿಯೆಮೊಂಟೆಯ ನೆಬಿಯೋಲೊ ದ್ರಾಕ್ಷಿ. ಬಣ್ಣ ನೋಡಿ ಮೋಸಹೋಗಬೇಡಿ. ಪಿನೋದಷ್ಟೇ ತಿಳಿ, ಆದರೆ ಬಾಯಿಗೆ ಇಟ್ಟರೆ ವಸಡನ್ನೇ ಹಿಡಿದುಕೊಳ್ಳುತ್ತದೆ. ಕನ್ನಡದಲ್ಲಿ ಇದಕ್ಕೆ ಒಗರು ಎಂಬ ಅಚ್ಚುಕಟ್ಟಾದ ಮಾತಿದೆ. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟುಗಳಲ್ಲಿರುವ ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನ್‌ಗಳನ್ನು ಹಿಡಿದು ಗಟ್ಟಿಮಾಡಿಬಿಡುತ್ತದೆ. ಬಾಯಿಯ ಜಾರಿಕೆ ಹೋಗಿ ಒರಟು ಉಳಿಯುತ್ತದೆ. ಅದಕ್ಕೇ ಒಗರು ನಾಲಿಗೆಯ ರುಚಿ ಎನ್ನುವುದಕ್ಕಿಂತ ಮುಟ್ಟಿದ ಅನುಭವದ ಹಾಗಿರುತ್ತದೆ. ಬರೋಲೊ ಮಾರಾಟಕ್ಕೆ ಬರುವ ಮುನ್ನ ಕನಿಷ್ಠ 38 ತಿಂಗಳು ಕಾಯಬೇಕೆಂದು ನಿಯಮವಿದೆ, ಅದರಲ್ಲಿ 18 ತಿಂಗಳು ಮರದಲ್ಲಿ. ಎಳೆಯದಾದರೆ ಒಂದೆರಡು ಗಂಟೆ ಮೊದಲೇ ಅಗಲ ತಳದ ಪಾತ್ರೆಗೆ ಬಗ್ಗಿಸಿಡಿ.

ಮೂರನೆಯದು ವಯಸ್ಸಾದ ಬೋರ್ಡೋ, ಅಲ್ಲಿನ ನದಿಯ ಎಡದಂಡೆಯದು, ಕಾಬರ್ನೇ ಸೋವಿನ್ಯೋನ್ ದ್ರಾಕ್ಷಿ ಹೆಚ್ಚಿರುವಂಥದ್ದು. ಈ ದ್ರಾಕ್ಷಿಯ ಬಗ್ಗೆ ಒಂದು ಸಂಗತಿ: ಅದರ ತಂದೆತಾಯಿ ಯಾರೆಂದು ತೊಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಸಂಶೋಧಕರು ಡಿಎನ್‌ಎ ನೋಡಿ ಕಂಡುಹಿಡಿದರು. ಕಾಬರ್ನೇ ಫ್ರಾಂಕ್ ಎಂಬ ಕಪ್ಪು ದ್ರಾಕ್ಷಿ, ಸೋವಿನ್ಯೋನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿ. ಹೆಸರಿನಲ್ಲೇ ಎರಡೂ ಇದ್ದವು, ಆದರೂ ಖಾತ್ರಿಯಾಗಲು ಅಷ್ಟು ಕಾಲ ಬೇಕಾಯಿತು.

ಹಳೆಯ ಕೆಂಪು ವೈನ್ ಸುರಿದಾಗ ಲೋಟವನ್ನು ಬಿಳಿ ಕಾಗದದ ಮೇಲೆ ಓರೆ ಹಿಡಿದು ಅಂಚು ನೋಡಿ. ಎಳೆಯದರಲ್ಲಿ ಅಂಚು ನೇರಳೆ. ವರ್ಷ ಕಳೆದಂತೆ ಮಾಣಿಕ್ಯ, ಆಮೇಲೆ ಇಟ್ಟಿಗೆ, ಕೊನೆಗೆ ಕಂದು. ಬಣ್ಣದ ಕಣಗಳು, ಟ್ಯಾನಿನ್‌ಗಳು ಒಂದನ್ನೊಂದು ಕೂಡಿಕೊಂಡು ಭಾರವಾಗಿ ತಳಕ್ಕೆ ಇಳಿಯುತ್ತವೆ, ಅದೇ ಗಷ್ಟು. ಹೀಗೆ ಕೆಂಪು ವೈನ್ ವಯಸ್ಸಾದಂತೆ ತಿಳಿಯಾಗುತ್ತದೆ, ಬಿಳಿ ವೈನ್ ವಯಸ್ಸಾದಂತೆ ಗಾಢವಾಗುತ್ತದೆ. ಬಹಳ ವರ್ಷ ಇಟ್ಟರೆ ಎರಡೂ ಕಂದು ಬಣ್ಣದಲ್ಲಿ ಭೇಟಿಯಾಗುತ್ತವೆ.

ಗಷ್ಟು ಇರುವ ಬಾಟಲಿಗೆ ಎರಡು ದಿನ ಮೊದಲೇ ನಿಮ್ಮ ಕೆಲಸ ಶುರು. ಅದನ್ನು ನೆಟ್ಟಗೆ ನಿಲ್ಲಿಸಿ, ಮತ್ತೆ ಅಲ್ಲಾಡಿಸಬೇಡಿ. ಹಳೆಯ ಬಿರಡೆಗೆ ತಿರುಪಿನ ಸಾಧನ ಹಾಕಿದರೆ ಪುಡಿಯಾಗುವ ಸಂಭವ ಹೆಚ್ಚು. ಎರಡು ತೆಳು ಅಲಗಿನ ಒಂದು ಸಾಧನ ಸಿಗುತ್ತದೆ; ಬಿರಡೆಗೂ ಗಾಜಿಗೂ ನಡುವೆ ಆ ಅಲಗುಗಳನ್ನು ಆಚೆಈಚೆ ತೂಗುತ್ತಾ ಇಳಿಸಿ, ತಿರುಗಿಸುತ್ತಾ ಮೇಲಕ್ಕೆ ಎಳೆಯುವುದು. ನನ್ನ ಅಣ್ಣನ ಪೋರ್ಟ್‌ಗೆ ನಾನು ಹತ್ತು ನಿಮಿಷ ತೆಗೆದುಕೊಂಡೆ. ಆಮೇಲೆ ಬಾಟಲಿಯ ಕತ್ತಿನ ಹಿಂದೆ ಮೇಣದ ಬತ್ತಿ ಹಚ್ಚಿಟ್ಟು, ಒಂದೇ ಸಮನೆ, ನಡುವೆ ನಿಲ್ಲಿಸದೆ ಬಗ್ಗಿಸಬೇಕು. ಬೆಳಕಿನಲ್ಲಿ ಗಷ್ಟಿನ ಎಳೆ ಕತ್ತಿನ ಹತ್ತಿರ ಬಂದಾಗ ನಿಲ್ಲಿಸಿ. ತಳದಲ್ಲಿ ಎರಡು ಗುಟುಕಿನಷ್ಟು ಹೋದರೆ ಹೋಗಲಿ. ಬಹಳ ಹಳೆಯ ಕೆಂಪನ್ನು ಹೀಗೆ ಬಗ್ಗಿಸಿ ಗಂಟೆಗಟ್ಟಲೆ ಇಡಬೇಡಿ. ಐವತ್ತು ವರ್ಷ ಗಾಳಿ ಕಾಣದ ವೈನ್‌ನ ಘಮ ಅರ್ಧ ಗಂಟೆಯಲ್ಲಿ ಆರಿಹೋಗಬಹುದು. ಬಗ್ಗಿಸಿದ ಕೂಡಲೇ ಜನರನ್ನು ಕೂಗಿ.

(ಇನ್ನೊಬ್ಬರು: "ಬಾಟಲಿ ಕೆಟ್ಟಿದೆಯೋ, ಅದರ ರುಚಿಯೇ ಹಾಗೋ, ಗೊತ್ತಾಗುವುದು ಹೇಗೆ?")

ಒಳ್ಳೆಯ ಪ್ರಶ್ನೆ. ಒದ್ದೆ ರಟ್ಟು, ಮುಚ್ಚಿಟ್ಟ ನೆಲಮಾಳಿಗೆ, ಮುಗ್ಗಲು ಬಟ್ಟೆ, ಈ ಬಗೆಯ ವಾಸನೆ ಬಂದರೆ ಬಿರಡೆಯ ದೋಷ. ಟ್ರೈಕ್ಲೋರೋಅನಿಸೋಲ್ ಎಂಬ ರಾಸಾಯನಿಕದ ಕೆಲಸ ಅದು. ಒಂದು ಲೀಟರ್‌ಗೆ ಕೆಲವೇ ನ್ಯಾನೊಗ್ರಾಮ್ ಇದ್ದರೂ ಮೂಗಿಗೆ ತಿಳಿಯುತ್ತದೆ. ಎಷ್ಟು ಹೊತ್ತು ಬಿಟ್ಟರೂ ಅದು ಹೋಗುವುದಿಲ್ಲ. ತೆರೆದ ತಕ್ಷಣ ಬರುವ ಬೇರೆ ಕೆಲವು ಮಂಕು ವಾಸನೆಗಳು ಹತ್ತು ನಿಮಿಷದಲ್ಲಿ ಹಾರಿಹೋಗುತ್ತವೆ, ಆದ್ದರಿಂದ ಕಾದು ನೋಡಿ. ಯಾವ ಅಂಗಡಿಯವರೂ, ಯಾವ ತೋಟದವರೂ ಬಿರಡೆಯ ಒಳಗೆ ಕಣ್ಣು ಹಾಯಿಸಲಾರರು. ಹಾಗಾಗಿ ದಿನದ ಮುಖ್ಯ ಬಾಟಲಿಗೆ ಜೊತೆಯಾಗಿ ಬೇರೊಂದನ್ನು ತಯಾರಿಟ್ಟುಕೊಳ್ಳಿ. ಅಣ್ಣನ ಐವತ್ತಕ್ಕೆ ನಾನು ಇದನ್ನೂ ಮಾಡಿರಲಿಲ್ಲ.

ಇನ್ನೊಂದು ಸಂಗತಿ. ಸಿರಾ ದ್ರಾಕ್ಷಿಯ ಕೆಲವು ವೈನ್‌ಗಳಲ್ಲಿ ಕಾಳುಮೆಣಸಿನ ಘಮ ಇರುತ್ತದೆ. ಅದಕ್ಕೆ ಕಾರಣ ರೊಟಂಡೋನ್ ಎಂಬ ಸಂಯುಕ್ತ ಎಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಕಾಳುಮೆಣಸಿನಲ್ಲಿ ಇರುವುದೂ ಅದೇ. ಅವರ ಪರೀಕ್ಷೆಯಲ್ಲಿ ಐವರಲ್ಲಿ ಒಬ್ಬರಷ್ಟು ಜನಕ್ಕೆ ಅದರ ವಾಸನೆ ತಿಳಿಯಲೇ ಇಲ್ಲ. ಆದ್ದರಿಂದ ಮೇಜಿನ ಆಚೆ ಕೂತವರು "ನನಗೆ ಮೆಣಸು ಸಿಗುತ್ತಿಲ್ಲ" ಎಂದರೆ ಅವರ ಮಾತು ನಿಜವೇ. ವಾದ ಬೇಡ.

ಕೆಂಪು ಮುಗಿಯಿತು. ಈಗ ಎಲ್ಲರೂ ಎದ್ದು ನಿಲ್ಲಲಿ. ಇಪ್ಪತ್ತು ನಿಮಿಷ ಬಿಡುವು ಕೊಡಿ, ನೀರು ಕುಡಿಯಲಿ, ಹೊರಗೆ ಓಡಾಡಿ ಬರಲಿ, ಲೋಟಗಳನ್ನು ಬದಲಿಸಿ. ಸಿಹಿ ವೈನ್‌ಗೆ ಮೇಜು ಹೊಸದಾಗಿ ಸಿದ್ಧವಾಗಬೇಕು. ಕೇಕನ್ನು ಇದರ ಜೊತೆ ತರಬೇಡಿ, ದಯವಿಟ್ಟು. ತಿನಿಸು ವೈನ್‌ಗಿಂತ ಸಿಹಿಯಾಗಿದ್ದರೆ ವೈನ್ ಹುಳಿ ಹುಳಿಯಾಗಿ, ತೆಳ್ಳಗೆ ಅನಿಸುತ್ತದೆ. ಸಿಹಿ ತಿಂದ ಬಾಯಿಗೆ ಚಹಾ ಹೇಗಾಗುತ್ತದೆ, ಹಾಗೆ. ಕೇಕ್ ಕತ್ತರಿಸುವುದು ಮೊದಲೇ ಆಗಲಿ, ಇಲ್ಲವೇ ಆಮೇಲೆ.

ಈಗ ಸೊಟೆರ್ನ್, ಬೋರ್ಡೋ ಸೀಮೆಯ ಸಿಹಿ ಬಿಳಿ ವೈನ್. ಬೋರ್ಡೋ ಪಟ್ಟಣದ ದಕ್ಷಿಣಕ್ಕೆ ಗರೋನ್ ನದಿಗೆ ಸಿರೋನ್ ಎಂಬ ಚಿಕ್ಕ ಹೊಳೆ ಸೇರುತ್ತದೆ. ಸಿರೋನ್‌ನ ನೀರು ತಣ್ಣಗೆ, ಗರೋನ್‌ನದು ಅದಕ್ಕಿಂತ ಬೆಚ್ಚಗೆ. ಶರತ್ಕಾಲದ ಬೆಳಗಿನಲ್ಲಿ ಎರಡೂ ಕೂಡುವಲ್ಲಿ ಮಂಜು ಏಳುತ್ತದೆ. ಆ ಒದ್ದೆಯಲ್ಲಿ ಬೊಟ್ರೈಟಿಸ್ ಸಿನೇರಿಯಾ ಎಂಬ ಬೂಷ್ಟು ದ್ರಾಕ್ಷಿಯ ಮೇಲೆ ಕೂರುತ್ತದೆ. ಮಧ್ಯಾಹ್ನ ಬಿಸಿಲು ಬಂದು ಮಂಜು ಕರಗಿ, ಹಣ್ಣು ಒಣಗುತ್ತದೆ. ಒದ್ದೆ ಉಳಿದರೆ ಬರೀ ಕೊಳೆ. ಒದ್ದೆ ಬಂದು ಹೋದರೆ ಪವಾಡ. ಬೂಷ್ಟು ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ತೂತು ಮಾಡುತ್ತದೆ, ಅದರಿಂದ ನೀರು ಆವಿಯಾಗಿ ಹೋಗಿ ಸಕ್ಕರೆ, ಹುಳಿ, ಘಮ ಎಲ್ಲ ಒಳಗೆ ಸಾಂದ್ರವಾಗುತ್ತದೆ. ನೋಡಲು ಆ ಹಣ್ಣು ಎತ್ತಿ ಎಸೆಯುವಂತಿರುತ್ತದೆ, ಸುಕ್ಕುಗಟ್ಟಿ, ಬೂದು ಹಿಡಿದು.

ಎಲ್ಲ ಕಾಳೂ ಒಂದೇ ದಿನ ಹಾಗಾಗುವುದಿಲ್ಲ. ಕೊಯ್ಯುವವರು ಒಂದೇ ತೋಟಕ್ಕೆ ಮತ್ತೆ ಮತ್ತೆ ಹೋಗಿ, ಹದಕ್ಕೆ ಬಂದ ಕಾಳನ್ನಷ್ಟೇ ಆರಿಸುತ್ತಾರೆ. ಒಂದು ಮಳೆ ಬಂದರೆ ವಾರಗಳ ಕಾಯುವಿಕೆ ನೀರುಪಾಲು. ನಾನು ಮೊದಲು ಹೇಳಿದ ಶಾಟೋ ದಿಕೆಮ್‌ನಲ್ಲಿ ಒಂದು ಬಳ್ಳಿಗೆ ಒಂದು ಲೋಟ ವೈನ್ ಎಂಬ ಲೆಕ್ಕ ಪ್ರಸಿದ್ಧ. ಬೇರೆ ಕಡೆ ಒಂದು ಬಳ್ಳಿಯಿಂದ ಬಾಟಲಿಗಟ್ಟಲೆ ಬರುತ್ತದೆ. 1855ರಲ್ಲಿ ಬೋರ್ಡೋದ ವೈನ್‌ಗಳನ್ನು ದರ್ಜೆಗಳಾಗಿ ವಿಂಗಡಿಸಿದಾಗ, ಎಲ್ಲರಿಗಿಂತ ಮೇಲೆ ಪ್ರತ್ಯೇಕ ದರ್ಜೆಯೊಂದನ್ನು ಈ ಒಂದು ತೋಟಕ್ಕೆ ಮಾತ್ರ ಕೊಟ್ಟರು. ದಿಕೆಮ್ ಎಲ್ಲರ ಕೈಗೆಟುಕುವುದಲ್ಲ, ಎಟುಕಬೇಕಾಗಿಯೂ ಇಲ್ಲ. ಅದರ ನೆರೆಯ ತೋಟಗಳೂ ಅದೇ ಮಂಜು, ಅದೇ ಬೂಷ್ಟು, ಅದೇ ಸೆಮಿಯೋನ್ ದ್ರಾಕ್ಷಿಯಿಂದ ವೈನ್ ಮಾಡುತ್ತವೆ.

ಎಂಟರಿಂದ ಹತ್ತು ಡಿಗ್ರಿಯಲ್ಲಿ ಕೊಡಿ. ಇನ್ನೂ ತಣ್ಣಗಾದರೆ ಘಮ ಮುದುಡಿಕೊಳ್ಳುತ್ತದೆ. ಎಳೆಯದರಲ್ಲಿ ಜೇನು, ಏಪ್ರಿಕಾಟ್, ಕಿತ್ತಳೆ ಸಿಪ್ಪೆಯ ಘಮ ಬರುತ್ತದೆ. ಹಳೆಯದರಲ್ಲಿ ಕೇಸರಿ, ಸುಟ್ಟ ಸಕ್ಕರೆ, ಮತ್ತು ನಿಧಾನವಾಗಿ ಮೂಸಿದರೆ ಮೆಂತ್ಯ. ಇದು ನನ್ನ ಕಲ್ಪನೆಯಲ್ಲ. ಸೊಟೊಲೋನ್ ಎಂಬ ಒಂದೇ ಸಂಯುಕ್ತ ಮೆಂತ್ಯದ ಕಾಳಿಗೂ ಹಳೆಯ ಸೊಟೆರ್ನ್‌ಗೂ ಆ ಘಮ ಕೊಡುತ್ತದೆ. ಒಮ್ಮೆ ಗುರುತಿಸಿದರೆ ಮತ್ತೆ ಮರೆಯುವುದಿಲ್ಲ.

ಬಹಳ ಜನ ಸಿಹಿ ವೈನ್ ಎಂದರೆ ಮೂಗು ಮುರಿಯುತ್ತಾರೆ, ಅದು ಪಾಕದ ಹಾಗೆ ಅಂಟುತ್ತದೆ ಎನ್ನುತ್ತಾರೆ. ಅವರಿಗೆ ಸೊಟೆರ್ನ್ ಬದಲು ಹಂಗೇರಿಯ ಟೊಕಾಯ್ ಕೊಡಿ. ಅಲ್ಲಿನ ಫುರ್ಮಿಂಟ್ ದ್ರಾಕ್ಷಿಯ ಹುಳಿ ಅಷ್ಟು ಚುರುಕು. ಅದೇ ಬೂಷ್ಟು ಅಲ್ಲಿಯೂ ಬರುತ್ತದೆ, ಬೊದ್ರೋಗ್ ಮತ್ತು ತಿಸಾ ನದಿಗಳ ಮಂಜಿನಿಂದ. ಸುಕ್ಕುಗಟ್ಟಿದ ಕಾಳುಗಳನ್ನು ಒಂದೊಂದಾಗಿ ಆರಿಸಿ, ಹೊಸ ರಸದಲ್ಲೋ ವೈನ್‌ನಲ್ಲೋ ನೆನೆಹಾಕಿ ಮಾಡುವ ಇದಕ್ಕೆ ಅಸ್ಸೂ ಎಂದು ಹೆಸರು. ಹಿಂದೆ ಸಿಹಿಯನ್ನು ಬುಟ್ಟಿಯ ಲೆಕ್ಕದಲ್ಲಿ ಹೇಳುತ್ತಿದ್ದರು. ಸುಮಾರು 136 ಲೀಟರ್‌ನ ಒಂದು ಪೀಪಾಯಿಗೆ ಎಷ್ಟು ಬುಟ್ಟಿ ಕಾಳು, ಮೂರೋ, ಐದೋ, ಆರೋ. ಈಗ ಅಸ್ಸೂ ಎಂದು ಬರೆಯಬೇಕಾದರೆ ಲೀಟರ್‌ಗೆ ಕನಿಷ್ಠ 120 ಗ್ರಾಂ ಸಕ್ಕರೆ ಇರಬೇಕು. ಅಷ್ಟು ಸಕ್ಕರೆ ಇದ್ದೂ ನುಂಗಿದ ಮೇಲೆ ಬಾಯಿ ತೊಳೆದಿಟ್ಟ ಹಾಗೆ ಉಳಿಯುತ್ತದೆ. ಅದು ಹುಳಿಯ ಮಹಿಮೆ. ಸಿಹಿ ವೈನ್ ಕೊಳ್ಳುವಾಗ ಸಿಹಿ ಎಷ್ಟಿದೆ ಎಂದು ಕೇಳಬೇಡಿ, ಅದನ್ನು ಹಿಡಿದು ನಿಲ್ಲಿಸುವ ಹುಳಿ ಎಷ್ಟಿದೆ ಎಂದು ಕೇಳಿ. ಎಸೆನ್ಸಿಯಾ ಎಂದು ಇನ್ನೊಂದಿದೆ. ಅಸ್ಸೂ ಕಾಳುಗಳನ್ನು ರಾಶಿ ಹಾಕಿದಾಗ ಅವುಗಳದೇ ಭಾರಕ್ಕೆ ತಾನಾಗಿ ತೊಟ್ಟಿಕ್ಕುವ ರಸ, ಲೀಟರ್‌ಗೆ 450 ಗ್ರಾಂಗಿಂತ ಹೆಚ್ಚು ಸಕ್ಕರೆ. ಯೀಸ್ಟ್‌ಗೂ ಅದರಲ್ಲಿ ಉಸಿರುಗಟ್ಟುತ್ತದೆ, ಹುದುಗಲು ವರ್ಷಗಳೇ ಬೇಕು. ಚಮಚೆಯಲ್ಲಿ ಕೊಡುವ ವೈನ್ ಅದು.

ಹೆಪ್ಪುಗಟ್ಟಿದ ದ್ರಾಕ್ಷಿಯನ್ನು ಸೊನ್ನೆಗಿಂತ ಏಳು ಡಿಗ್ರಿ ಕೆಳಗೆ ಕೊಯ್ದು, ಹಾಗೆಯೇ ಹಿಂಡಿ ಮಾಡುವ ಜರ್ಮನಿಯ ಐಸ್‌ವೈನ್, ದ್ರಾಕ್ಷಿಯನ್ನು ಒಣಗಿಸಿ ಮಾಡುವ ಇಟಲಿಯ ರೆಚೋಟೊ, ಇವೂ ಸೊಗಸಾದವು. ರೆಚೋಟೊದಲ್ಲಿ ಕೆಂಪು ಬಗೆಯೂ ಇರುವುದರಿಂದ ಕೆಂಪಿನಿಂದ ಸಿಹಿಗೆ ದಾಟಲು ಒಳ್ಳೆಯ ಸೇತುವೆ.

ಕೊನೆಗೆ ಪೋರ್ಟ್. ಹುದುಗುತ್ತಿರುವ ರಸಕ್ಕೆ, ಅರ್ಧದಷ್ಟು ಸಕ್ಕರೆ ಇನ್ನೂ ಉಳಿದಿರುವಾಗಲೇ, 77 ಶೇಕಡ ಮದ್ಯಸಾರದ ದ್ರಾಕ್ಷಿ ಸಾರಾಯಿ ಬೆರೆಸುತ್ತಾರೆ. ಯೀಸ್ಟ್ ಸಾಯುತ್ತದೆ, ಸಿಹಿ ಉಳಿಯುತ್ತದೆ, ಬಲ ಇಪ್ಪತ್ತು ಶೇಕಡದ ಆಸುಪಾಸಿಗೆ ಏರುತ್ತದೆ. ಅದಕ್ಕೇ ಇದು ಎಲ್ಲಕ್ಕೂ ಕೊನೆ. ಇದರ ನಂತರ ಬೇರೇನನ್ನೂ ಕೊಡಲಾಗದು. ವಿಂಟೇಜ್ ಪೋರ್ಟ್ ಎಲ್ಲ ವರ್ಷ ಆಗುವುದಿಲ್ಲ. ದಶಕಕ್ಕೆ ಸುಮಾರು ಮೂರು ಸಲ, ಪೋರ್ಟ್ ಮಾಡುವ ಮನೆತನದವರು ಈ ವರ್ಷ ತಕ್ಕದ್ದು ಎಂದು ಘೋಷಿಸಿದಾಗ ಮಾತ್ರ. ಎರಡು ಮೂರು ವರ್ಷ ಮಾತ್ರ ಮರದಲ್ಲಿಟ್ಟು ಬಾಟಲಿಗೆ ತುಂಬುತ್ತಾರೆ, ಉಳಿದ ಬದುಕೆಲ್ಲ ಕತ್ತಲಲ್ಲಿ. ಮಗು ಹುಟ್ಟಿದಾಗ ಪೋರ್ಟ್ ಕೊಂಡಿಟ್ಟು, ಅದು ಬೆಳೆದು ದೊಡ್ಡದಾದ ಮೇಲೆ ತೆರೆಯುವ ರೂಢಿ ಇಂಗ್ಲೆಂಡಿನಲ್ಲಿ ಬೆಳೆದದ್ದು ಈ ದೀರ್ಘಾಯುಷ್ಯದ ಭರವಸೆಯ ಮೇಲೆಯೇ.

ಅಣ್ಣನ ಲೋಟದಲ್ಲಿ ಬಣ್ಣ ಒಣಗಿದ ಗುಲಾಬಿಯಂತಿತ್ತು. ಒಗರು ಪೂರ್ತಿ ಕರಗಿತ್ತು. ಒಣ ಅಂಜೂರ, ಮರ, ಹಳೆಯ ಪುಸ್ತಕದ ಘಮ, ಸಾರಾಯಿಯ ಸಣ್ಣ ಬಿಸಿ. ಅವನು ಬಹಳ ಹೊತ್ತು ಹಿಡಿದುಕೊಂಡೇ ಕೂತಿದ್ದ. ಆಮೇಲೆ ನಮ್ಮ ತಂದೆಯ ಬಗ್ಗೆ ಮಾತಾಡಿದ, ನಾನು ಅದುವರೆಗೆ ಕೇಳಿರದ ಎರಡು ಸಂಗತಿ ಹೇಳಿದ.

(ಕೊನೆಯ ಪ್ರಶ್ನೆ: "ಉಳಿದದ್ದನ್ನು ಎಷ್ಟು ದಿನ ಇಡಬಹುದು?")

ಹಳೆಯ ಕೆಂಪು ಅಂದೇ ಮುಗಿಯಬೇಕು. ಎಳೆಯ ಕೆಂಪಾದರೆ ಬಿರಡೆ ಒತ್ತಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ. ಸೊಟೆರ್ನ್, ಟೊಕಾಯ್ ಹಾಗೆಯೇ ಇಟ್ಟರೆ ವಾರಕ್ಕೆ ಮೋಸವಿಲ್ಲ. ಹಳೆಯ ವಿಂಟೇಜ್ ಪೋರ್ಟ್ ಒಂದೆರಡು ದಿನ, ಟಾನಿ ಕೆಲವು ವಾರ, ಮಡೇರಾ ತಿಂಗಳುಗಟ್ಟಲೆ.

ಸಿಹಿ ವೈನ್ ಕುಡಿದ ಲೋಟಗಳನ್ನು ಮಾತ್ರ ಆ ರಾತ್ರಿ ತೊಳೆಯಬೇಡಿ. ತಳದಲ್ಲಿ ಉಳಿದ ಹನಿ ಆರಿ, ಮದ್ಯಸಾರವೆಲ್ಲ ಹಾರಿ, ಬೆಳಗ್ಗೆ ಖಾಲಿ ಲೋಟದಲ್ಲಿ ಘಮ ಮಾತ್ರ ನಿಂತಿರುತ್ತದೆ, ರಾತ್ರಿಗಿಂತ ಸ್ಪಷ್ಟವಾಗಿ. ಆ ಮರುದಿನ ನಾನು ಏಳುವ ಹೊತ್ತಿಗೆ ಅಣ್ಣ ಮೇಜಿನ ಬಳಿ ಒಬ್ಬನೇ ಕೂತು, ಖಾಲಿ ಲೋಟವನ್ನು ಮೂಗಿಗೆ ಹಿಡಿದುಕೊಂಡಿದ್ದ.